ಕೇಳಿಸಿದ್ರೆ ಕೈ ಎತ್ತಿ

ಹೊಲಿಗೆಯಮ್ಮನ ಅಡುಗೆಮನೆಯಲ್ಲಿ ಪಾತ್ರೆ ಸೋರಿಸುವ ಸ್ಟ್ಯಾಂಡು ಒಂದಿದೆ. ಅದರಲ್ಲಿ ಊಟದ ತಟ್ಟೆಗಳಿಗೆ ಜಾಗವಿಲ್ಲ, ಹಾಡುವ ತಟ್ಟೆಗಳಿಗಿದೆ. ಊಟದ ತಟ್ಟೆಗಳು ಕಟ್ಟೆಯ ಮೇಲೆ ಒಂದರ ಬೆನ್ನಿಗೊಂದು ಬೋರಲು ಬಿದ್ದಿರುತ್ತವೆ. ಕಪ್ಪು ರೆಕಾರ್ಡುಗಳು ಮಾತ್ರ ಸಾಲಾಗಿ ನೆಟ್ಟಗೆ ನಿಂತು, ಮೈಯಿಂದ ನೀರಿಳಿಸಿಕೊಳ್ಳುತ್ತ, ಮನೆ ತಮ್ಮದೇ ಎಂಬಂತೆ ಮೆರೆಯುತ್ತವೆ. ಈ ಮನೆಯಲ್ಲಿ ಯಾರಿಗೆ ಎಷ್ಟು ಬೆಲೆ ಎಂದು ತಿಳಿಯಬೇಕಾದವರು ಯಾರನ್ನೂ ಕೇಳಬೇಕಾಗಿಲ್ಲ, ಆ ಸ್ಟ್ಯಾಂಡು ನೋಡಿದರೆ ಸಾಕು.

ಇದೆಲ್ಲ ಆಕೆಯ ಯಜಮಾನರ ಕಾರುಬಾರು. ಅವರು ಆಸ್ಪತ್ರೆಯ ಕಿವಿ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ರೋಗಿಯನ್ನು ಗಾಜಿನ ಕೋಣೆಯಲ್ಲಿ ಕೂರಿಸಿ, ತಲೆಗೆ ಹೆಡ್‌ಫೋನ್ ಸಿಕ್ಕಿಸಿ, ತಾವು ಹೊರಗೆ ಕುಳಿತು ಒಂದೊಂದೇ ಗುಂಡಿ ಒತ್ತುತ್ತ, "ಕೇಳಿಸಿದ್ರೆ ಕೈ ಎತ್ತಿ. ಶಬ್ದ ಇರೋವರೆಗೂ ಕೈ ಮೇಲೇ ಇರ್ಲಿ" ಎನ್ನುವುದು ಅವರ ಉದ್ಯೋಗ. ಊರಿನ ಅರ್ಧದಷ್ಟು ಜನ ಒಂದಲ್ಲ ಒಂದು ಸಲ ಅವರ ಮುಂದೆ ಕೈ ಎತ್ತಿದವರೇ. ಹೊಲಿಗೆಯಮ್ಮನೂ ಹಾಗೆ ಕೈ ಎತ್ತಿಯೇ ಅವರ ಕೈಗೆ ಸಿಕ್ಕಿದ್ದು. ಹುಡುಗಿಯಾಗಿದ್ದಾಗ ನೆಗಡಿಯಿಂದ ಕಿವಿ ಕಟ್ಟಿತೆಂದು ಅಪ್ಪನ ಜೊತೆ ಹೋಗಿದ್ದಳು. ಗಾಜಿನಾಚೆ ಕುಳಿತ ಯುವಕ ನೋಡಲು ಚೆನ್ನಾಗಿದ್ದ. ಅವನು ಗುಂಡಿ ಒತ್ತದಿದ್ದಾಗಲೂ ಈಕೆ ಸುಮ್ಮನೆ ಕೈ ಎತ್ತಿದಳು. ಅವನು ಬೆರಗಾಗಿ, "ಇಂಥ ಕಿವಿ ನಾನು ನೋಡೇ ಇಲ್ಲ" ಎಂದು ಅಪ್ಪನಿಗೆ ಹೇಳಿದ. ಮುಂದೆ ಮಾತುಕತೆ ನಡೆದು ಮದುವೆಯೂ ಆಯಿತು. ಹೀಗೆ ಅವರು ಮದುವೆಯಾದದ್ದು ಆಕೆಯ ಕಿವಿಯನ್ನು; ಗಂಟಲಿನ ವಿಚಾರ ಆಗಲೂ ಬರಲಿಲ್ಲ, ಆಮೇಲೂ ಬರಲಿಲ್ಲ.

ಗಂಟಲಿನ ವಿಚಾರ ಬಂದಿದ್ದರೆ ಹೇಳಲು ಸಾಕಷ್ಟಿತ್ತು. ಆಕೆ ಹಾಡುತ್ತಿದ್ದಳು. ಶಾಲೆಯಲ್ಲಿ, ಗೆಳತಿಯರ ಮನೆಯಲ್ಲಿ, ಬಟ್ಟೆ ಒಣಹಾಕುವಾಗ, ಯಾರೂ ಕೇಳದಿದ್ದರೂ ಹಾಡುತ್ತಿದ್ದಳು. ಮದುವೆಯಾದ ಮೇಲೆ ಹೊಲಿಗೆ ಮಿಷನ್ನಿನ ಮುಂದೆ ಕುಳಿತು ಗುನುಗುತ್ತಿದ್ದಳು. ಯಜಮಾನರು ರೆಕಾರ್ಡು ಹಾಕಿಕೊಂಡು ಕಣ್ಣು ಮುಚ್ಚಿದ್ದವರು, "ಇವ್ಳೇ, ಸ್ವಲ್ಪ ಮೆಲ್ಲಗೆ" ಎನ್ನುತ್ತಿದ್ದರು. ಸಿಟ್ಟಿಲ್ಲದೆ, ಬಹಳ ನಯವಾಗಿ. ಸಿಟ್ಟಿನಿಂದ ಹೇಳಿದ್ದರೆ ಆಕೆ ಜಗಳವಾಡಿಯಾದರೂ ಹಾಡುತ್ತಿದ್ದಳೇನೋ. ನಯವಾಗಿ ಹೇಳಿದ್ದಕ್ಕೆ ಹಾಡು ಗುನುಗಾಯಿತು, ಗುನುಗು ತುಟಿ ಅಲ್ಲಾಡಿಸುವುದಾಯಿತು, ಕಡೆಗೆ ತುಟಿಯೂ ಸುಮ್ಮನಾಯಿತು. ಮಿಷನ್ನಿಗೂ ಅದೇ ಕಾನೂನು. ಆ ಮನೆಯಲ್ಲಿ ಎರಡು ಸೂಜಿಗಳಿದ್ದವು, ಒಂದು ರೆಕಾರ್ಡಿನದು, ಒಂದು ಮಿಷನ್ನಿನದು. ಅವರ ಸೂಜಿ ನಡೆಯುವಾಗ ಇವಳದು ನಿಲ್ಲಬೇಕು. ಇವಳ ಸೂಜಿ ಹೊಲಿಯುವ ಪರದೆ, ದಿಂಬಿನ ಚೀಲ, ಶಾಲೆಯ ಸಮವಸ್ತ್ರಗಳಿಂದಲೇ ಅವರ ಸೂಜಿಗೆ ಹೊಸ ಮೊನೆ ಬರುತ್ತಿತ್ತು ಎಂಬುದು ಬೇರೆ ಮಾತು.

ನಿವೃತ್ತಿಯಾದ ಮೇಲೆ ಯಜಮಾನರ ಚಟ ಕೇಳುವುದರಿಂದ ತೊಳೆಯುವುದಕ್ಕೆ ಬಡ್ತಿ ಪಡೆಯಿತು. ಗುಜರಿ ಅಂಗಡಿಯಿಂದ ಹಳೆಯ ರೆಕಾರ್ಡುಗಳನ್ನು ಚೀಲಗಟ್ಟಲೆ ತರುವುದು, ಬೆಳಿಗ್ಗೆಯಿಂದ ಸಂಜೆಯವರೆಗೆ ಸಿಂಕಿನ ಮುಂದೆ ನಿಲ್ಲುವುದು. ಮೊದಲು ಒಣ ಬ್ರಷ್ಷಿನಿಂದ ಧೂಳು ತೆಗೆಯಬೇಕು. ಆಮೇಲೆ ಭಟ್ಟಿ ಇಳಿಸಿದ ನೀರಿಗೆ ಎರಡು ತೊಟ್ಟು ಮಕ್ಕಳ ಶಾಂಪೂ, ಅದಕ್ಕೆ ಅಳತೆಯ ಸ್ಪಿರಿಟ್. ಮಖಮಲ್ಲಿನ ತುಂಡನ್ನು ಅದರಲ್ಲಿ ಅದ್ದಿ ಗೆರೆಗಳ ಗುಂಟ ಒರೆಸಬೇಕು, ಅಡ್ಡ ಒರೆಸಿದರೆ ಮಹಾಪಾಪ. ನಡುವಿನ ಲೇಬಲ್ಲು ನೆನೆಯದಂತೆ ಎರಡು ಡಬ್ಬಿ ಮುಚ್ಚಳಗಳನ್ನು ಆಚೀಚೆ ಇಟ್ಟು ಬೋಲ್ಟು ಬಿಗಿಯುತ್ತಿದ್ದರು. ಮುಚ್ಚಳಗಳು ಹೊಲಿಗೆಯಮ್ಮನ ಸಕ್ಕರೆ ಡಬ್ಬಿ, ಕಾಳಿನ ಡಬ್ಬಿಗಳವು. ಮಖಮಲ್ಲು ಗಿರಾಕಿಯ ಪರದೆಯದು. ತೀರಾ ಹಟಮಾರಿ ರೆಕಾರ್ಡಾದರೆ ಮರಗೆಲಸದ ಬಿಳಿ ಅಂಟನ್ನು ಇಡೀ ಮೈಗೆ ಬಳಿದು, ಒಣಗಿದ ಮೇಲೆ ಹಾಲಿನ ಕೆನೆಯ ಹಾಗೆ ಒಂದೇ ಏಟಿಗೆ ಸುಲಿದು ತೆಗೆಯುತ್ತಿದ್ದರು. ಒರೆಸಿ ಒರೆಸಿ ಅವರ ಬಲಭುಜ ಹಿಡಿದುಕೊಂಡಿತ್ತು. ಬಾಚಣಿಗೆ ತಲೆಯವರೆಗೆ ಹೋಗುತ್ತಿರಲಿಲ್ಲ. ಆಕೆಯೇ ಅವರ ತಲೆ ಬಾಚುತ್ತಿದ್ದಳು. ತಮ್ಮ ಅಂಗಿಯ ಕಾಲರನ್ನು ಒಂದು ದಿನವೂ ಉಜ್ಜದ ಮನುಷ್ಯ ಯಾರದೋ ಮನೆಯ ಕೊಳೆಗೆ ಭುಜ ತೆತ್ತರು.

ಆ ದಿನ ತಂದ ಚೀಲದಲ್ಲಿ ಅಂಗೈಗಿಂತ ತುಸು ದೊಡ್ಡದಾದ, ತೆಳ್ಳಗಿನ ಒಂದು ರೆಕಾರ್ಡು ಇತ್ತು. ಕಂಪನಿಯ ಹೆಸರಿಲ್ಲ, ಹಾಡಿನ ಹೆಸರಿಲ್ಲ. ಸ್ಪಿರಿಟ್ ಮುಗಿದಿತ್ತು, ಹಾಗಾಗಿ ಬರೀ ನೀರಲ್ಲಿ ತೊಳೆದರು. ಡಬ್ಬಿಯ ಮುಚ್ಚಳ ಅದಕ್ಕೆ ದೊಡ್ಡದಾಗಿ ಲೇಬಲ್ಲಿನೊಳಕ್ಕೂ ನೀರು ಹೋಯಿತು.

"ಯಾರೋ ಇಂಕಲ್ಲಿ ಏನೋ ಗೀಚಿದ್ರು. ಅದೂ ಹೋಯ್ತು ನೋಡು, ಈಗ ಪಳಪಳ ಅಂತಿದೆ" ಎಂದು ಹಾಲಿಗೆ ಬಂದು ರೆಕಾರ್ಡು ಏರಿಸಿದರು. ಹೊಲಿಗೆಯಮ್ಮ ಕಾನೂನಿನಂತೆ ಮಿಷನ್ನಿನ ಚಕ್ರಕ್ಕೆ ಕೈಯಿಟ್ಟು ನಿಲ್ಲಿಸಿದಳು.

ಮೊದಲು ಚರಚರ ಸದ್ದು. ಆಮೇಲೆ ಒಬ್ಬಳು ಹುಡುಗಿ ಕಿಸಕ್ಕನೆ ನಕ್ಕಳು. ನಗು ನುಂಗಿಕೊಂಡು ಹಾಡಿದಳು:

*ಹೊಳೆಯ ಆಚೆ ಮನೆಯಲೊಂದು ದೀಪ ಉಳಿಯಿತೇ,*
*ಇರುಳ ದಾಟಿ ಬರುವ ದೋಣಿ ದಡವನರಿಯಿತೇ…*

ಹೊಲಿಗೆಯಮ್ಮನ ಕಾಲು ಪೆಡಲಿನ ಮೇಲೆ ಹಾಗೇ ಕುಳಿತುಬಿಟ್ಟಿತು. ಅದು ಆಕೆಯ ದನಿ. ಹೈಸ್ಕೂಲು ಮುಗಿದ ವರ್ಷ ಊರಿಗೆ ಬಂದ ವಸ್ತುಪ್ರದರ್ಶನದಲ್ಲಿ ಒಂದು ಗಾಜಿನ ಪೆಟ್ಟಿಗೆಯಿತ್ತು. ಒಳಗೆ ನಿಂತು ಹಾಡಿದರೆ ಅಲ್ಲೇ ರೆಕಾರ್ಡು ಕೊರೆದು ಕೈಗೆ ಕೊಡುತ್ತಿದ್ದರು. ಅಣ್ಣ ತನ್ನ ಮೊದಲ ಸಂಬಳದಲ್ಲಿ ಹಾಡಿಸಿದ್ದ. ಶಾಲೆಯ ನಾಟಕಕ್ಕೆ ಮೇಷ್ಟ್ರು ಬರೆದ ಹಾಡು. 'ದೀಪ ಉರಿಯಿತೇ' ಎಂದಿರಬೇಕು. ಗಾಜಿನಾಚೆ ಅಣ್ಣ ಮೂತಿ ಸೊಟ್ಟ ಮಾಡಿ ಅಣಕಿಸಿದ್ದಕ್ಕೆ ನಗು ಬಂದು, ನಾಲಿಗೆ ಹೊರಳಿ 'ಉಳಿಯಿತೇ' ಆಗಿತ್ತು. ಎರಡನೇ ಚರಣ ಶುರುವಾಗುವ ಮೊದಲೇ ಪೆಟ್ಟಿಗೆಯ ಹೊತ್ತು ಮುಗಿದು ಸೂಜಿ ಮೇಲೆದ್ದಿತ್ತು. ಲೇಬಲ್ಲಿನ ಮೇಲೆ ಇಂಕಿನಲ್ಲಿ ಗೀಚಿದ್ದವಳೂ ಆಕೆಯೇ. ಯಜಮಾನರು ಕೊಳೆಯೆಂದು ತೊಳೆದದ್ದು ಆಕೆಯ ಹೆಸರನ್ನು.

ಹೇಳಿಬಿಡೋಣವೆಂದು ಬಾಯಿ ತೆರೆದಳು. ಅಷ್ಟರಲ್ಲಿ ಅವರು ಕಣ್ಣು ಮುಚ್ಚಿಕೊಂಡೇ, "ಎಂಥಾ ಗಂಟ್ಲು ಇವ್ಳೇ. ಎಂಥಾ ಗಂಟ್ಲು" ಎಂದರು. ಆ ಮಾತನ್ನು ಆಕೆ ಅವರ ಬಾಯಲ್ಲಿ ಎಂದೂ ಕೇಳಿರಲಿಲ್ಲ. ಆಕೆಗೆ ಇದ್ದಕ್ಕಿದ್ದಂತೆ ಒಂದು ಆಸೆ ಹುಟ್ಟಿತು. ಇವರು ಕಿವಿಯ ಕೆಲಸದವರು. ಇಷ್ಟು ವರ್ಷ ಒಂದೇ ಸೂರಿನಡಿ ಈ ದನಿಯಲ್ಲೇ ಊಟಕ್ಕೆ ಕರೆಸಿಕೊಂಡವರು. ತಾವಾಗಿ ಗುರುತಿಸಲಿ. ಹೇಳಿ ಗುರುತಿಸಿಕೊಳ್ಳುವುದಾದರೆ ಅದಕ್ಕೆ ಗುರುತು ಅಂತ ಯಾಕೆ ಅನ್ನಬೇಕು? ತೆರೆದ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಸುಮ್ಮನಾದಳು.

ಎಷ್ಟೋ ದಿನ ಅದೇ ರೆಕಾರ್ಡು ಓಡಿತು. ಯಜಮಾನರು ಇದ್ದಬದ್ದ ಕ್ಯಾಟಲಾಗುಗಳನ್ನೆಲ್ಲ ತಿರುವಿದರು, ಪರಿಚಯದವರಿಗೆಲ್ಲ ಫೋನು ಹಚ್ಚಿ ಕೇಳಿಸಿದರು. ಊಟಕ್ಕೆ ಕರೆದರೆ "ಶ್" ಎಂದರು. ಕರೆದ ದನಿಯನ್ನು ಸುಮ್ಮನಾಗಿಸಿ ಅದೇ ದನಿಗೆ ಕಿವಿಗೊಟ್ಟರು. ಒಮ್ಮೆ ಆಕೆಯನ್ನೇ ಪಕ್ಕಕ್ಕೆ ಕೂರಿಸಿಕೊಂಡು, "ಇಲ್ಲಿ ಕೇಳು, ಈ ಹುಡ್ಗಿ ನಗ್ತಾಳಲ್ಲ, ಇಲ್ಲಿ" ಎಂದರು. ಹೊಲಿಗೆಯಮ್ಮನಿಗೆ ತಡೆಯಲಾಗಲಿಲ್ಲ, ಕಿಸಕ್ಕನೆ ನಕ್ಕಳು. ರೆಕಾರ್ಡಿನ ನಗುವೂ ಈ ನಗುವೂ ಅವಳಿಜವಳಿಯಂತೆ ಒಟ್ಟಿಗೆ ಬಿದ್ದವು.

"ನೀನು ನಕ್ಕು ಅವಳ ನಗು ಕೇಳಿಸ್ದ ಹಾಗೆ ಮಾಡ್ಬಿಟ್ಟೆ" ಎಂದು ಯಜಮಾನರು ರೆಕಾರ್ಡಿನ ಮುಳ್ಳನ್ನು ಹಿಂದಕ್ಕೆ ಇಟ್ಟರು. ಆಮೇಲೆ, "ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಸುಮ್ನೆ ಅಲ್ಲ. ಗುಜರಿಯವನು ಇದು ಈ ಊರಿಂದೇ ಅಂತಾನೆ. ಇಲ್ಲೇ ಯಾವ್ದೋ ಮನೇಲಿ ಪಾತ್ರೆ ತಿಕ್ಕೊಂಡು ಬಿದ್ದಿರ್ತಾಳೆ. ಮನೆಯೋರಿಗೆ ಬೆಲೆ ಗೊತ್ತಿರಲ್ಲ" ಎಂದರು.

"ಇರ್ಬಹುದು" ಎಂದಳು ಹೊಲಿಗೆಯಮ್ಮ.

ಮರುದಿನ ಅಣ್ಣ ಬಂದ. ತವರುಮನೆಯ ಅಟ್ಟ ಖಾಲಿ ಮಾಡಿ ರೆಕಾರ್ಡನ್ನು ಗುಜರಿಗೆ ಹಾಕಿದವನು ಅವನೇ. ವಿಷಯ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲ ಹುಡುಕಿದ್ರಂತೆ. ನಾನೇ ಹೇಳ್ತೀನಿ ಬಾ ಭಾವನಿಗೆ."

"ಹೇಳಿದ್ರೆ ನನ್ನಾಣೆ."

"ಅವರಿಗೆ ಗೊತ್ತಾಗದೇ ಇದ್ರೆ?"

ಹೊಲಿಗೆಯಮ್ಮ ದಾರ ಕಚ್ಚಿ ಹರಿದಳು. "ಗೊತ್ತಾಗದೇ ಇದ್ರೆ ನಂಗೆ ಗೊತ್ತಾಗುತ್ತೆ."

ಯಜಮಾನರಿಗೆ ಇಬ್ಬರು ಗೆಳೆಯರು, ಇಬ್ಬರಿಗೂ ಇದೇ ಚಟ. ಒಬ್ಬರು ಹಲ್ಲಿನ ಡಾಕ್ಟರು, ಇನ್ನೊಬ್ಬರು ಪ್ರೊಫೆಸರು. ಫೋನಿನಲ್ಲಿ ಹಾಡು ಕೇಳಿ ಪ್ರೊಫೆಸರು 'ಉಳಿಯಿತೇ' ಎಂಬ ಪದಕ್ಕೆ ಜೋತುಬಿದ್ದಿದ್ದರು. 'ಅರಿಯಿತೇ' ಎನ್ನುವುದಕ್ಕೆ ಪ್ರಾಸವಾಗಿ 'ಉರಿಯಿತೇ' ಎಂದಿರಬೇಕಿತ್ತು. ಗಾಯಕಿ ಬೇಕೆಂದೇ ಪ್ರಾಸ ಮುರಿದಿದ್ದಾಳೆ, ಉರಿಯುವುದು ಕ್ಷಣಿಕ, ಉಳಿಯುವುದು ಶಾಶ್ವತ, ಇದು ದೊಡ್ಡ ದರ್ಶನ ಎಂದು ಅವರ ವಾದ. ಅಣ್ಣನ ಸೊಟ್ಟ ಮೂತಿ ಹೀಗೆ ತತ್ತ್ವಶಾಸ್ತ್ರ ಸೇರಿತು. ಭಾನುವಾರ ಸಂಜೆ ಇಬ್ಬರೂ ಮನೆಗೇ ಬಂದು ಕೇಳುವುದೆಂದು ನಿಶ್ಚಯವಾಯಿತು.

ಭಾನುವಾರ ಬೆಳಿಗ್ಗೆ ಹೊಲಿಗೆಯಮ್ಮ ಚಹಾಕ್ಕೆ ಸಕ್ಕರೆ ಹುಡುಕುತ್ತಿದ್ದಾಗ ಯಜಮಾನರು ಹೊಸ ಸ್ಪಿರಿಟ್ ಬಾಟಲಿ ತೆರೆದರು. ಚರಚರ ಸದ್ದು ಒಂಚೂರೂ ಇರಬಾರದು, ಅತಿಥಿಗಳಿಗೆ ಬರೀ ದನಿ ಕೇಳಿಸಬೇಕು ಎಂಬುದು ಅವರ ಹಂಬಲ. ಆಕೆ ಸಕ್ಕರೆ ಹುಡುಕುವುದು ಬಿಟ್ಟಳು. ಪ್ರದರ್ಶನದ ಆ ಪೆಟ್ಟಿಗೆಯವನು ರೆಕಾರ್ಡು ಕೈಗೆ ಕೊಡುವಾಗ ಹೇಳಿದ್ದು ನೆನಪಾಗಿತ್ತು: ಇದು ತಗಡಿಗೆ ಬಣ್ಣ ಬಳಿದದ್ದಮ್ಮ, ಒಣಬಟ್ಟೆಯಲ್ಲಿ ಒರೆಸು, ಸ್ಪಿರಿಟ್ಟು ಗಿಪಿರಿಟ್ಟು ಮುಟ್ಟಿಸಬೇಡ.

"ರೀ, ಅದಕ್ಕೆ ಸ್ಪಿರಿಟ್ ಬೇಡ."

"ಸ್ಪಿರಿಟ್ ಬೇಡದ್ದು ಅರಗಿನ ರೆಕಾರ್ಡಿಗೆ. ಹಳೇ ಕಾಲದ್ದು, ದಪ್ಪ ಇರುತ್ತೆ, ಬಿದ್ರೆ ಒಡೆಯುತ್ತೆ. ಇದು ಅದಲ್ಲ. ಅದಲ್ಲ ಅಂದ್ಮೇಲೆ ಪ್ಲಾಸ್ಟಿಕ್ಕು."

"ಎರಡೂ ಅಲ್ಲದ್ದೂ ಇರುತ್ತಲ್ಲ?"

"ನಿಂಗೆ ಹೇಗೆ ಗೊತ್ತು?"

ಇದು ಒಳ್ಳೆಯ ಪ್ರಶ್ನೆ. ಉತ್ತರ ಹೇಳಿದರೆ ರೆಕಾರ್ಡು ಉಳಿಯುತ್ತಿತ್ತು, ಆಕೆಯ ಪಂಥ ಹೋಗುತ್ತಿತ್ತು. ಆಕೆ ಒಂದು ಗಳಿಗೆ ತಡಮಾಡಿದಳು. ಒಂದೇ ಗಳಿಗೆ, ಹೇಳುವುದೆಂದೇ ನಿರ್ಧರಿಸಿ ತಿರುಗಿದಳು. ಯಜಮಾನರ ಕೈ ಆಗಲೇ ಗೆರೆಗಳ ಗುಂಟ ಒಂದು ಸುತ್ತು ಬಂದಿತ್ತು.

ಮಖಮಲ್ಲು ಕಪ್ಪಾಯಿತು. ಯಜಮಾನರು, "ನೋಡು ಎಷ್ಟು ಕೊಳೆ" ಎಂದು ಹಿಗ್ಗಿ ಇನ್ನೊಂದು ಸುತ್ತು ಒರೆಸಿದರು. ಬಟ್ಟೆ ಇನ್ನೂ ಕಪ್ಪಾಯಿತು. ಮೂರನೆಯ ಸುತ್ತಿಗೆ ಕಪ್ಪಿನ ಕೆಳಗಿನಿಂದ ತಗಡು ಮಿಂಚಿತು. ಆಗ ಅವರ ಕೈ ನಿಂತಿತು. ಜೀವಮಾನದಲ್ಲೇ ಇಷ್ಟು ಚೆನ್ನಾಗಿ ಅವರು ಏನನ್ನೂ ತೊಳೆದಿರಲಿಲ್ಲ.

ಹೊಲಿಗೆಯಮ್ಮನಿಗೆ ಅದೊಂದೇ ಇತ್ತು, ತಾನು ಒಂದು ಕಾಲಕ್ಕೆ ಹಾಡುತ್ತಿದ್ದೆ ಎನ್ನಲು ಲೋಕದಲ್ಲಿ ಬೇರೆ ಸಾಕ್ಷಿಯಿರಲಿಲ್ಲ. ಗಂಡನ ಮೇಲೆ ಕೆಂಡದಂಥ ಸಿಟ್ಟು ಬಂತು. ತನ್ನ ಮೇಲೆ ಅದಕ್ಕಿಂತ ಹೆಚ್ಚು ಬಂತು. ಅವರು ನಲ್ಲಿ ತೆರೆದದ್ದನ್ನೂ ಮರೆತು ಸಿಂಕಿನ ಮುಂದೆ ನಿಂತಿದ್ದರು. ಆಕೆಯೇ ಹೋಗಿ ನಲ್ಲಿ ನಿಲ್ಲಿಸಿದಳು.

"ಹೋದ್ಲು ಇವ್ಳೇ" ಎಂದರು ಯಜಮಾನರು. "ಯಾರು ಅಂತ್ಲೂ ಗೊತ್ತಾಗ್ಲಿಲ್ಲ. ನಾನೇ ಕೈಯ್ಯಾರೆ ಒರೆಸಿಬಿಟ್ಟೆ." ಅವರ ಕಣ್ಣಲ್ಲಿ ನೀರಿತ್ತು. ಆ ಕಣ್ಣೀರು ತನಗಾಗಿಯೇ ಎಂದು ಸಂತೋಷಪಡುವುದೋ, ಬೇರೆ ಯಾರಿಗೋ ಎಂದು ಹೊಟ್ಟೆ ಉರಿಸಿಕೊಳ್ಳುವುದೋ ಹೊಲಿಗೆಯಮ್ಮನಿಗೆ ತಿಳಿಯಲಿಲ್ಲ. ಸವತಿಯೂ ತಾನೇ ಆದವಳ ಪಾಡು ಅದು.

ಸಂಜೆ ಗೆಳೆಯರು ಬಂದೇಬಿಟ್ಟರು. ಯಜಮಾನರು ಎಲ್ಲ ಒಪ್ಪಿಕೊಂಡರು. ಡಾಕ್ಟರು ಬಾಯಿ ತೆರೆಸಿ ನೋಡುವವರಂತೆ ರೆಕಾರ್ಡನ್ನು ಬೆಳಕಿಗೆ ಹಿಡಿದು, ಅಂಚಿನಲ್ಲಿ ಎರಡು ಮೂರು ಗೆರೆ ಉಳಿದಿವೆ, ಒಂದು ಸಲ ಹಾಕಿಯೇ ನೋಡೋಣ ಎಂದರು. ಮೂವರೂ ಸ್ಪೀಕರಿಗೆ ಕಿವಿ ಅಂಟಿಸಿ ಕುಳಿತರು. ಸುಯ್ಯೆಂದಿತು. ಮತ್ತೆ ಸುಯ್ಯೆಂದಿತು.

ಅಡುಗೆಮನೆಯಲ್ಲಿ ಹೊಲಿಗೆಯಮ್ಮ ಚಹಾ ಸೋಸುತ್ತಿದ್ದಳು. ಸುಯ್ ಸದ್ದು ಅಲ್ಲಿಗೂ ಕೇಳಿಸಿತು. ರೆಕಾರ್ಡಿನದು ಹೋಯಿತು, ಗಂಟಲಿನದಾದರೂ ಇದೆಯೇ ಎಂದು ನೋಡಬೇಕೆನಿಸಿತು. ಯಾರಿಗೂ ಕೇಳಿಸಲೆಂದಲ್ಲ. ಹಳೆಯ ಟ್ರಂಕಿನ ಬೀಗ ತಿರುಗುತ್ತದೋ ಎಂದು ನೋಡುವ ಹಾಗೆ, ಅಷ್ಟೆ. ಮೊದಲ ಪದ ಕೆಮ್ಮಿನೊಳಗೆ ಹೋಯಿತು. ಎರಡನೆಯದು ಬಿರುಕುಬಿಟ್ಟಿತು. ಆಮೇಲೆ ಬಂತು. ಹುಡುಗಿಯ ದನಿಯಲ್ಲ, ಅದಕ್ಕಿಂತ ದಪ್ಪ, ಅಂಚಿನಲ್ಲಿ ಸವೆದದ್ದು. ಆದರೆ ಬಂತು.

*ಹೊಳೆಯ ಆಚೆ ಮನೆಯಲೊಂದು…*

"ಬಂತು, ಬಂತು" ಎಂದ ಡಾಕ್ಟರ ದನಿ ಹಾಲಿನಿಂದ ಕೇಳಿಸಿತು.

"ಶ್" ಎಂದರು ಪ್ರೊಫೆಸರು. "ಸ್ವಲ್ಪ ಮಸುಕಾಗಿದೆ, ಆದ್ರೆ ಅವಳೇ."

ಹೊಲಿಗೆಯಮ್ಮನಿಗೆ ಸಿಟ್ಟಿನ ನಡುವೆಯೂ ನಗು ಬಂತು. ನಗು ನುಂಗಿಕೊಳ್ಳುವಷ್ಟರಲ್ಲಿ ನಾಲಿಗೆ ಹೊರಳಿ 'ದೀಪ ಉಳಿಯಿತೇ' ಎಂದೇ ಬಂತು. ಮೊದಲಿನಿಂದ ಕೇಳೋಣವೆಂದು ಯಾರೋ ಅಂದರು. ಯಜಮಾನರು ಮುಳ್ಳು ಎತ್ತಿದ ಟಕ್ ಸದ್ದು ಆಕೆಗೆ ಚೆನ್ನಾಗಿ ಗೊತ್ತು. ಇಷ್ಟು ವರ್ಷ ಆ ಸದ್ದಾದ ಮೇಲೆಯೇ ಮಿಷನ್ನಿನ ಚಕ್ರ ತಿರುಗಿಸಿದವಳು. ಟಕ್ ಎಂದಿತು. ಸುಯ್ ನಿಂತಿತು. ಹಾಡು ನಿಲ್ಲಲಿಲ್ಲ.

ಹಾಲಿನಲ್ಲಿ ಪಿಟ್ಟೆನ್ನುವವರಿಲ್ಲ. ಪ್ರೊಫೆಸರು ಕೂಡ ಏನೂ ವ್ಯಾಖ್ಯಾನ ಮಾಡಲಿಲ್ಲ ಎಂದರೆ ಎಂಥ ಮೌನವೆಂದು ನೀವೇ ಊಹಿಸಿಕೊಳ್ಳಿ. ಆಮೇಲೆ ಚಪ್ಪಲಿಯ ಸದ್ದು, ನಿಧಾನವಾಗಿ, ಅಡುಗೆಮನೆಯ ಕಡೆಗೆ. ಈಗ 'ಸ್ವಲ್ಪ ಮೆಲ್ಲಗೆ' ಎಂದರೆ ಸೋಸುವ ಪಾತ್ರೆಯ ಚಹಾವನ್ನು ಅವರ ತಲೆಯ ಮೇಲೆಯೇ ಸುರಿದುಬಿಡುವುದೆಂದು ಆಕೆ ಸಿದ್ಧಳಾಗಿ ತಿರುಗಿದಳು.

ಯಜಮಾನರು ಬಾಗಿಲಲ್ಲಿ ನಿಂತಿದ್ದರು. ತಲೆ ಬಾಚಿಕೊಳ್ಳಲೂ ಏಳದ ಬಲಗೈಯನ್ನು, ಎಡಗೈಯ ಆಸರೆ ಕೊಟ್ಟು, ಹಲ್ಲು ಕಚ್ಚಿ, ಮೆಲ್ಲಮೆಲ್ಲಗೆ ಮೇಲಕ್ಕೆ ಎತ್ತಿದರು. ಇಳಿಸಲಿಲ್ಲ.

ಶಬ್ದ ಇರುವವರೆಗೂ ಕೈ ಮೇಲೇ ಇರಬೇಕು. ಅದು ಅವರದೇ ಕಾನೂನು. ಹೊಲಿಗೆಯಮ್ಮ ಅವರ ಮುಖ ನೋಡಿದಳು, ಭುಜ ನೋಡಿದಳು. ಬೇಕಿದ್ದರೆ ಅಲ್ಲಿಗೇ ನಿಲ್ಲಿಸಬಹುದಿತ್ತು. ಸೋಸುವ ಪಾತ್ರೆ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಯಾವ ರೆಕಾರ್ಡಿನಲ್ಲೂ ಇಲ್ಲದ ಎರಡನೇ ಚರಣವನ್ನು ನಿಧಾನವಾಗಿ ಎತ್ತಿಕೊಂಡಳು.